ವಿಷಯ ನಿರ್ವಹಣಾ ವ್ಯವಸ್ಥೆಗಳಲ್ಲಿ ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ

ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ ಎಂಬುದು ಜಾಲತಾಣಗಳ ಮೇಲೆ ನಡೆಯುವ ಒಂದು ಬಗೆಯ ದಾಳಿ. ಇದರ ಹ್ರಸ್ವರೂಪ ಸಿಎಸ್‌ಆರ್‌ಎಫ್. ತಜ್ಞರು ಮಾತಿನಲ್ಲಿ ಇದನ್ನು 'ಸೀ-ಸರ್ಫ್' ಎಂದೂ ಉಚ್ಚರಿಸುವುದುಂಟು. 'ಅನ್ಯತಾಣದಿಂದ ಬಂದ ಖೋಟಾ ಕೋರಿಕೆ' ಎಂದು ಕನ್ನಡದಲ್ಲಿ ಇದರ ಅರ್ಥವನ್ನು ಹೇಳಬಹುದು. ಒಂದು ತಾಣಕ್ಕೆ ಲಾಗಿನ್ ಆಗಿರುವ ವ್ಯಕ್ತಿಯು ಬೇರೊಂದು ತಾಣದ ಪುಟವನ್ನು ತೆರೆದಾಗ, ಆ ಪುಟವು ಅವರಿಗೆ ತಿಳಿಯದಂತೆ ಅವರ ಬ್ರೌಸರಿನ ಮೂಲಕವೇ ಮೊದಲ ತಾಣಕ್ಕೆ ಒಂದು ಆದೇಶವನ್ನು ಕಳುಹಿಸುತ್ತದೆ. ಮೊದಲ ತಾಣವು ಅದನ್ನು ಅವರೇ ಕೊಟ್ಟ ಆದೇಶವೆಂದು ನಂಬಿ ನೆರವೇರಿಸುತ್ತದೆ. ದಾಳಿಕೋರನಿಗೆ ಗುಪ್ತಪದ ತಿಳಿದಿರಬೇಕಾಗಿಲ್ಲ. ಬಲಿಯಾದವರ ಕಂಪ್ಯೂಟರಿಗೆ ವೈರಸ್ ಸೇರಿಸಬೇಕಾಗಿಯೂ ಇಲ್ಲ.

ವರ್ಡ್‌ಪ್ರೆಸ್, ಡ್ರುಪಲ್, ಜೂಮ್ಲಾ, ಮೀಡಿಯಾವಿಕಿ ಮುಂತಾದ ವಿಷಯ ನಿರ್ವಹಣಾ ವ್ಯವಸ್ಥೆಗಳಲ್ಲಿ ಈ ದೋಷವು ವಿಶೇಷವಾಗಿ ಅಪಾಯಕಾರಿ. ಇಂತಹ ವ್ಯವಸ್ಥೆಗಳಲ್ಲಿ ತಾಣದ ಬರಹ, ಬಳಕೆದಾರರ ಪಟ್ಟಿ, ಹಲವು ವೇಳೆ ತಾಣವನ್ನು ನಡೆಸುವ ತಂತ್ರಾಂಶದ ಕೋಡ್ ಕೂಡ ಬ್ರೌಸರಿನ ಮೂಲಕವೇ ಬದಲಾಗುತ್ತವೆ. ಆದ್ದರಿಂದ ನಿರ್ವಾಹಕರ ಹೆಸರಿನಲ್ಲಿ ಬಂದ ಒಂದೇ ಒಂದು ಖೋಟಾ ಕೋರಿಕೆ ಇಡೀ ತಾಣವನ್ನು ಪರರ ವಶಕ್ಕೆ ಒಪ್ಪಿಸಬಲ್ಲದು.

ಹಿನ್ನೆಲೆ

ಜಾಲಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ನಿಯಮಾವಳಿಗೆ ನೆನಪಿನ ಶಕ್ತಿ ಇಲ್ಲ. ಒಂದು ಪುಟವನ್ನು ಕೇಳಿದವರೇ ಮುಂದಿನ ಪುಟವನ್ನೂ ಕೇಳುತ್ತಿದ್ದಾರೆಂಬುದು ಸರ್ವರಿಗೆ ತಾನಾಗಿ ತಿಳಿಯುವುದಿಲ್ಲ. ಈ ಕೊರತೆಯನ್ನು ನೀಗಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಅವರು 'ಕುಕಿ'ಯನ್ನು ರೂಪಿಸಿದರು. ಬಳಕೆದಾರರು ಲಾಗಿನ್ ಆದೊಡನೆ ಸರ್ವರ್ ಒಂದು ಗುರುತಿನ ಸಾಲನ್ನು ಬ್ರೌಸರಿಗೆ ಕೊಡುತ್ತದೆ. ಅಲ್ಲಿಂದ ಮುಂದೆ ಆ ತಾಣಕ್ಕೆ ಹೋಗುವ ಪ್ರತಿಯೊಂದು ಕೋರಿಕೆಯ ಜೊತೆಗೂ ಬ್ರೌಸರ್ ಅದನ್ನು ತಾನಾಗಿಯೇ ಲಗತ್ತಿಸುತ್ತದೆ. ಆ ಕೋರಿಕೆ ಹುಟ್ಟಿದ್ದು ಯಾವ ಪುಟದಿಂದ ಎಂಬುದನ್ನು ಬ್ರೌಸರ್ ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ದೋಷದ ಬೇರು ಇರುವುದು ಇಲ್ಲಿ.

ಹಳೆಯ ಕಚೇರಿಯೊಂದರ ಬಿಲ್ಲೆ ಧರಿಸಿದ ಜವಾನನನ್ನು ಇದಕ್ಕೆ ಹೋಲಿಸಬಹುದು. ಅವನು ದಿನವೂ ಸಾಹೇಬರ ಚೀಟಿಗಳನ್ನು ಖಜಾನೆಗೆ ಒಯ್ಯುತ್ತಾನೆ. ಖಜಾನೆಯ ಗುಮಾಸ್ತರು ಬಿಲ್ಲೆಯನ್ನು ನೋಡುತ್ತಾರೆಯೇ ಹೊರತು ಚೀಟಿಯ ಮೇಲಿನ ಅಕ್ಷರ ಯಾರದೆಂದು ನೋಡುವುದಿಲ್ಲ. ದಾರಿಯಲ್ಲಿ ಯಾರೋ ಕಟ್ಟಿನೊಳಗೆ ತಮ್ಮದೊಂದು ಚೀಟಿಯನ್ನು ಸೇರಿಸಿದರೆ ಅದೂ ಪಾಸಾಗುತ್ತದೆ. ಜವಾನ ಪ್ರಾಮಾಣಿಕ, ಬಿಲ್ಲೆ ಅಸಲಿ, ಗುಮಾಸ್ತರೂ ನಿಯಮದಂತೆಯೇ ನಡೆದುಕೊಂಡಿದ್ದಾರೆ, ಚೀಟಿಯೊಂದೇ ಖೋಟಾ. ತನಗಿರುವ ಅಧಿಕಾರವನ್ನು ತನಗರಿವಿಲ್ಲದೆ ಬೇರೆಯವರ ಪರವಾಗಿ ಚಲಾಯಿಸುವ ಇಂತಹ ಮಧ್ಯವರ್ತಿ ತಂತ್ರಾಂಶವನ್ನು ನಾರ್ಮ್ ಹಾರ್ಡಿ ಅವರು 1988ರ ಲೇಖನವೊಂದರಲ್ಲಿ 'ಗೊಂದಲಕ್ಕೊಳಗಾದ ಪ್ರತಿನಿಧಿ' ಎಂಬ ಅರ್ಥದ ಹೆಸರಿನಿಂದ ವಿವರಿಸಿದ್ದರು. ಸಿಎಸ್‌ಆರ್‌ಎಫ್ ದಾಳಿಯಲ್ಲಿ ಆ ಪ್ರತಿನಿಧಿಯ ಪಾತ್ರ ಬ್ರೌಸರಿನದು.

ದಾಳಿ ನಡೆಯುವ ಬಗೆ

ಒಂದು ತಾಣದಲ್ಲಿ 12ನೆಯ ಸಂಖ್ಯೆಯ ಲೇಖನವನ್ನು ಅಳಿಸಲು ನಿರ್ದಿಷ್ಟ ವಿಳಾಸವೊಂದನ್ನು ತೆರೆದರೆ ಸಾಕು ಎಂದಿಟ್ಟುಕೊಳ್ಳೋಣ. ದಾಳಿಕೋರನು ತನ್ನ ಪುಟದಲ್ಲಿ ಒಂದು ಚಿತ್ರಕ್ಕೆ ಜಾಗವಿಟ್ಟು, ಚಿತ್ರದ ವಿಳಾಸವೆಂದು ಆ ಅಳಿಸುವ ವಿಳಾಸವನ್ನೇ ಬರೆಯುತ್ತಾನೆ. ಲಾಗಿನ್ ಆಗಿರುವ ಸಂಪಾದಕರು ಆ ಪುಟವನ್ನು ತೆರೆದ ಕ್ಷಣ, ಬ್ರೌಸರ್ ಚಿತ್ರವನ್ನು ತರಲೆಂದು ಆ ವಿಳಾಸಕ್ಕೆ ಹೋಗುತ್ತದೆ, ಕುಕಿಯನ್ನೂ ಜೊತೆಗೆ ಒಯ್ಯುತ್ತದೆ. ಚಿತ್ರ ಬರುವುದಿಲ್ಲ, ಲೇಖನ ಮಾತ್ರ ಅಳಿದುಹೋಗಿರುತ್ತದೆ. ಸಂಪಾದಕರ ಕಣ್ಣಿಗೆ ಬೀಳುವುದು ಹೆಚ್ಚೆಂದರೆ ಚಿತ್ರ ಮೂಡದ ಒಂದು ಖಾಲಿ ಚೌಕ.

ಪುಟವನ್ನು ಕೇವಲ ಕೇಳಿ ಪಡೆಯುವ ಕೋರಿಕೆಗೆ 'ಗೆಟ್' ಎಂದೂ ಮಾಹಿತಿಯನ್ನು ಸಲ್ಲಿಸುವ ಕೋರಿಕೆಗೆ 'ಪೋಸ್ಟ್' ಎಂದೂ ಹೆಸರು. ಗೆಟ್ ಕೋರಿಕೆಯಿಂದ ಸರ್ವರಿನಲ್ಲಿ ಯಾವ ಬದಲಾವಣೆಯೂ ಆಗಬಾರದೆಂಬುದು ಎಚ್‌ಟಿಟಿಪಿಯ ಮಾನಕಗಳಲ್ಲಿ ಹೇಳಿರುವ ಮಾತು. ಆದರೂ ಅನೇಕ ತಾಣಗಳು ಅಳಿಸುವ ಕೆಲಸವನ್ನು ಸಾಮಾನ್ಯ ಕೊಂಡಿಗೇ ಒಪ್ಪಿಸಿದ್ದವು. 2005ರಲ್ಲಿ ಗೂಗಲ್ ಸಂಸ್ಥೆಯು 'ವೆಬ್ ಆಕ್ಸಿಲರೇಟರ್' ಎಂಬ ತಂತ್ರಾಂಶವನ್ನು ಹೊರತಂದಾಗ ಇದರ ಫಲ ಕಾಣಿಸಿತು. ಪುಟಗಳು ಬೇಗ ತೆರೆಯಲೆಂದು ಅದು ಪುಟದಲ್ಲಿರುವ ಕೊಂಡಿಗಳನ್ನೆಲ್ಲ ಮುಂಚಿತವಾಗಿ ತಾನೇ ತೆರೆದಿಡುತ್ತಿತ್ತು. ಬೇಸ್‌ಕ್ಯಾಂಪ್‌ನಂತಹ ತಾಣಗಳಲ್ಲಿ 'ಅಳಿಸು' ಎಂಬ ಕೊಂಡಿಗಳನ್ನೂ ಹಾಗೆಯೇ ತೆರೆದು, ಬಳಕೆದಾರರ ಬರಹಗಳನ್ನು ಅಳಿಸಿಹಾಕಿತು. ಅಲ್ಲಿ ದಾಳಿಕೋರನೇ ಇರಲಿಲ್ಲ.

ಪೋಸ್ಟ್ ಕೋರಿಕೆಯನ್ನು ಬಳಸಿದ ಮಾತ್ರಕ್ಕೆ ರಕ್ಷಣೆ ದೊರೆಯುತ್ತದೆಂಬ ಭಾವನೆಯೂ ತಪ್ಪು. ದಾಳಿಕೋರನ ಪುಟದಲ್ಲಿ ಕಣ್ಣಿಗೆ ಕಾಣದ ನಮೂನೆಯೊಂದನ್ನು ಮೊದಲೇ ಭರ್ತಿಮಾಡಿ ಇಟ್ಟು, ಪುಟ ತೆರೆದೊಡನೆ ಅದು ತಾನಾಗಿಯೇ ಸಲ್ಲಿಕೆಯಾಗುವಂತೆ ಒಂದೆರಡು ಸಾಲಿನ ಜಾವಾಸ್ಕ್ರಿಪ್ಟ್ ಬರೆದರೆ ಸಾಕು.

ಬ್ರೌಸರಿನ 'ಸಮಾನ ಮೂಲ' ನೀತಿಯ ಪ್ರಕಾರ ಒಂದು ತಾಣದ ಪುಟವು ಇನ್ನೊಂದು ತಾಣದ ಉತ್ತರವನ್ನು ಓದುವಂತಿಲ್ಲ. ಹೀಗಾಗಿ ದಾಳಿಕೋರನು ಕೋರಿಕೆಯನ್ನು ಕಳುಹಿಸಬಲ್ಲನೇ ಹೊರತು ಅದಕ್ಕೆ ಬಂದ ಉತ್ತರವನ್ನು ನೋಡಲಾರ. ಕತ್ತಲಲ್ಲಿ ಕಲ್ಲೆಸೆದಂತೆ ಅವನ ಕೆಲಸ. ಆದ್ದರಿಂದ ಈ ದಾಳಿಯ ಗುರಿ ಮಾಹಿತಿಯನ್ನು ಓದುವುದಲ್ಲ. ಗುಪ್ತಪದ ಬದಲಿಸುವುದು, ಹೊಸ ನಿರ್ವಾಹಕರನ್ನು ಸೇರಿಸುವುದು, ಪುಟವನ್ನು ಅಳಿಸುವುದು ಮುಂತಾದ ಬದಲಾವಣೆಗಳು. ಈ ಅಸಹಾಯಕತೆಯನ್ನೇ ಆಧಾರವಾಗಿಟ್ಟುಕೊಂಡು ಮುಂದೆ ವಿವರಿಸಿರುವ ಟೋಕನ್ ರಕ್ಷಣೆಯನ್ನು ರೂಪಿಸಲಾಗಿದೆ.

ವಿಷಯ ನಿರ್ವಹಣಾ ವ್ಯವಸ್ಥೆಗಳೇ ಏಕೆ

ಖೋಟಾ ಕೋರಿಕೆಯನ್ನು ಬರೆಯಬೇಕಾದರೆ ನಮೂನೆಯ ವಿಳಾಸವೂ ಅದರ ಖಾನೆಗಳ ಹೆಸರುಗಳೂ ಮೊದಲೇ ತಿಳಿದಿರಬೇಕು. ಒಂದು ಸಂಸ್ಥೆಯು ತನಗಾಗಿಯೇ ಬರೆಸಿಕೊಂಡ ತಂತ್ರಾಂಶದಲ್ಲಿ ಇವನ್ನು ಊಹಿಸುವುದು ಕಷ್ಟ. ಆದರೆ ವರ್ಡ್‌ಪ್ರೆಸ್‌ನ ಮೂಲ ಕೋಡ್ ಎಲ್ಲರಿಗೂ ಲಭ್ಯ. ಅದರ ನಿರ್ವಹಣಾ ಪುಟಗಳ ವಿಳಾಸಗಳು ಬಹುಮಟ್ಟಿಗೆ ಎಲ್ಲ ತಾಣಗಳಲ್ಲಿಯೂ ಒಂದೇ. ಜಗತ್ತಿನ ಜಾಲತಾಣಗಳಲ್ಲಿ ಐದನೆಯ ಎರಡು ಪಾಲಿಗಿಂತ ಹೆಚ್ಚು ತಾಣಗಳು ಇದನ್ನೇ ಬಳಸುತ್ತಿರುವುದರಿಂದ, ಒಂದು ದೋಷಕ್ಕೆಂದು ಬರೆದ ಪುಟ ಅಸಂಖ್ಯ ತಾಣಗಳಿಗೆ ಅನ್ವಯವಾಗುತ್ತದೆ.

ಬಲಿಯಾಗುವವರನ್ನು ಹುಡುಕುವುದೂ ಸುಲಭ. ಲೇಖನದ ಕೆಳಗೆ ಪ್ರತಿಕ್ರಿಯೆಯೊಂದನ್ನು ಬರೆದು ಅದರಲ್ಲಿ ಕೊಂಡಿ ಕೊಟ್ಟರೆ, ಅದನ್ನು ಮೊದಲು ಪರಿಶೀಲಿಸುವವರು ತಾಣದ ನಿರ್ವಾಹಕರೇ. ಆ ಹೊತ್ತಿಗೆ ಅವರು ಲಾಗಿನ್ ಆಗಿಯೇ ಇರುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಇದನ್ನು ಗಮನಿಸಲು ಭದ್ರತಾ ಸಿಬ್ಬಂದಿ ಇರಬಹುದು. ಶಾಲೆ, ಸಂಘ, ಸಣ್ಣ ಪತ್ರಿಕೆಗಳ ತಾಣಗಳಲ್ಲಿ ಬರೆಯುವವರು, ತಿದ್ದುವವರು, ಪ್ರಕಟಿಸುವವರು, ನಿರ್ವಾಹಕರು ಎಲ್ಲರೂ ಒಬ್ಬರೇ ಆಗಿರುವುದು ಸಾಮಾನ್ಯ.

ಇತಿಹಾಸ

ಈ ದಾಳಿಗೆ ಇಂದಿನ ಹೆಸರನ್ನು ಕೊಟ್ಟವರು ಪೀಟರ್ ವಾಟ್ಕಿನ್ಸ್, 2001ರಲ್ಲಿ. ಕೆಲವು ವರ್ಷಗಳ ಕಾಲ ಇದಕ್ಕೆ ಹೆಚ್ಚಿನ ಗಮನ ದೊರೆಯಲಿಲ್ಲ. 2006ರಲ್ಲಿ ನೆಟ್‌ಫ್ಲಿಕ್ಸ್ ತಾಣದಲ್ಲಿ ಇಂತಹ ದೋಷ ಕಂಡುಬಂದಿತು. ಆಗ ಆ ಸಂಸ್ಥೆಯು ಡಿವಿಡಿಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕೊಡುತ್ತಿತ್ತು. ಗ್ರಾಹಕರ ಪಟ್ಟಿಗೆ ಚಿತ್ರಗಳನ್ನು ಸೇರಿಸುವುದೂ ಅವರ ವಿಳಾಸವನ್ನು ಬದಲಿಸುವುದೂ ಹೊರಗಿನ ಪುಟದಿಂದ ಸಾಧ್ಯವಿತ್ತು. 2007ರಲ್ಲಿ ಜಿಮೇಲ್‌ನಲ್ಲಿ ಬಳಕೆದಾರರ ಅರಿವಿಲ್ಲದೆ ಪತ್ರಗಳನ್ನು ಬೇರೆ ವಿಳಾಸಕ್ಕೆ ರವಾನಿಸುವ ಸೋಸುನಿಯಮವನ್ನು ಸೇರಿಸಬಹುದೆಂದು ತಿಳಿದುಬಂದು, ಅದನ್ನು ಸರಿಪಡಿಸಲಾಯಿತು. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಝೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್ ಅವರು ಐಎನ್‌ಜಿ ಡೈರೆಕ್ಟ್ ಬ್ಯಾಂಕ್, ಯೂಟ್ಯೂಬ್, ನ್ಯೂಯಾರ್ಕ್ ಟೈಮ್ಸ್ ಮೊದಲಾದ ತಾಣಗಳಲ್ಲಿನ ಇಂತಹ ದೋಷಗಳನ್ನು ವಿವರಿಸಿದರು. ಬ್ಯಾಂಕಿನ ತಾಣದಲ್ಲಿ ಗ್ರಾಹಕರ ಖಾತೆಯಿಂದ ಹಣವನ್ನೇ ವರ್ಗಾಯಿಸಬಹುದಾಗಿತ್ತು.

ಜಾಲತಾಣಗಳ ಭದ್ರತೆಗಾಗಿ ದುಡಿಯುವ ಒವಾಸ್ಪ್ ಎಂಬ ಸಂಸ್ಥೆಯು ತನ್ನ 2007ರ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಸಿಎಸ್‌ಆರ್‌ಎಫ್‌ಗೆ ಐದನೆಯ ಸ್ಥಾನ ಕೊಟ್ಟಿತ್ತು. 2013ರಲ್ಲಿ ಅದು ಎಂಟನೆಯ ಸ್ಥಾನಕ್ಕೆ ಇಳಿಯಿತು. 2017ರ ಪಟ್ಟಿಯಿಂದ ಅದನ್ನು ಪ್ರತ್ಯೇಕ ಶೀರ್ಷಿಕೆಯಾಗಿ ಕೈಬಿಡಲಾಯಿತು. ತಂತ್ರಾಂಶ ಚೌಕಟ್ಟುಗಳಲ್ಲಿಯೇ ರಕ್ಷಣೆ ಸೇರಿರುವುದರಿಂದ ಕೇವಲ ಶೇ. 5ರಷ್ಟು ಅನ್ವಯಗಳಲ್ಲಿ ಈ ದೋಷ ಕಂಡುಬಂದಿತೆಂಬುದು ಅದಕ್ಕೆ ಕೊಟ್ಟ ಕಾರಣ. ಪಟ್ಟಿಯಿಂದ ಹೊರಬಂದುದನ್ನು ದೋಷವು ಇಲ್ಲವಾಯಿತೆಂದು ಅರ್ಥೈಸಬಾರದು. ಮುಂದಿನ ಎರಡು-ಮೂರು ವರ್ಷಗಳಲ್ಲಿ ವರ್ಡ್‌ಪ್ರೆಸ್‌ನಲ್ಲಿ ಕಂಡುಬಂದ ಪ್ರಸಂಗಗಳನ್ನು ಕೆಳಗೆ ಕೊಡಲಾಗಿದೆ.

ಟೋಕನ್ ರಕ್ಷಣೆ

ಊಹಿಸಲಾಗದ ಒಂದು ಗುಟ್ಟಿನ ಸಾಲನ್ನು ನಮೂನೆಯೊಳಗೆ ಅಡಗಿಸಿಡುವುದು ಮುಖ್ಯ ರಕ್ಷಣೋಪಾಯ. ಇದನ್ನು ಟೋಕನ್ ಎನ್ನುತ್ತಾರೆ. ಸರ್ವರ್ ನಮೂನೆಯನ್ನು ಕೊಡುವಾಗ ಟೋಕನನ್ನು ಸೇರಿಸುತ್ತದೆ. ನಮೂನೆ ಮರಳಿ ಬಂದಾಗ ಅದೇ ಟೋಕನ್ ಇದೆಯೇ ಎಂದು ನೋಡುತ್ತದೆ. ಕುಕಿಯನ್ನು ಬ್ರೌಸರ್ ತಾನಾಗಿ ಲಗತ್ತಿಸುತ್ತದೆ, ಟೋಕನನ್ನು ಹಾಗೆ ಲಗತ್ತಿಸುವುದಿಲ್ಲ. ಅನ್ಯತಾಣದ ಪುಟವು ನಮೂನೆಯನ್ನು ಓದಲಾರದಾದ್ದರಿಂದ ಅದಕ್ಕೆ ಟೋಕನ್ ಸಿಗುವುದಿಲ್ಲ. ಮೇಲಿನ ಹೋಲಿಕೆಯಲ್ಲಿ ಇದು ಪ್ರತಿ ಚೀಟಿಯ ಮೂಲೆಯಲ್ಲಿ ಸಾಹೇಬರೂ ಖಜಾನೆಯೂ ಮಾತ್ರ ಬಲ್ಲ ಗುರುತು.

ವರ್ಡ್‌ಪ್ರೆಸ್ ಆರಂಭದಲ್ಲಿ ಬೇರೆ ದಾರಿಯನ್ನು ಹಿಡಿದಿತ್ತು. ಕೋರಿಕೆಯು ಯಾವ ಪುಟದಿಂದ ಬಂತೆಂದು ಬ್ರೌಸರ್ ತಿಳಿಸುವ 'ರೆಫರರ್' ಎಂಬ ಶೀರ್ಷಿಕೆಯನ್ನು ಅದು ಪರೀಕ್ಷಿಸುತ್ತಿತ್ತು. ಮಾನಕವನ್ನು ಬರೆದವರ ಕಾಗುಣಿತದ ತಪ್ಪಿನಿಂದ ಈ ಇಂಗ್ಲಿಷ್ ಪದದ ನಡುವಿನ ಜೋಡಿ 'ಆರ್' ಅಕ್ಷರಗಳಲ್ಲಿ ಒಂದು ಬಿಟ್ಟುಹೋಗಿ, ಆ ತಪ್ಪು ರೂಪವೇ ಇಂದಿಗೂ ಅಧಿಕೃತವಾಗಿ ಉಳಿದಿದೆ. ಕೆಲವು ಭದ್ರತಾ ತಂತ್ರಾಂಶಗಳು ಖಾಸಗಿತನದ ದೃಷ್ಟಿಯಿಂದ ಈ ಶೀರ್ಷಿಕೆಯನ್ನೇ ತೆಗೆದುಹಾಕುತ್ತಿದ್ದುದರಿಂದ ನಿಜವಾದ ನಿರ್ವಾಹಕರಿಗೂ ತೊಂದರೆಯಾಗುತ್ತಿತ್ತು. 2006ರಲ್ಲಿ ಬಂದ 2.0.3 ಆವೃತ್ತಿಯಲ್ಲಿ ಟೋಕನ್‌ಗಳನ್ನು ಅಳವಡಿಸಲಾಯಿತು. ಪರೀಕ್ಷೆ ಬದಲಾದರೂ 'ಚೆಕ್ ಅಡ್ಮಿನ್ ರೆಫರರ್' ಎಂಬ ಫಂಕ್ಷನ್ನಿನ ಹೆಸರು ಬದಲಾಗಲಿಲ್ಲ. ಅದರೊಳಗೆ ಈಗ ಪರಿಶೀಲಿಸುವುದು ಟೋಕನನ್ನು.

ವರ್ಡ್‌ಪ್ರೆಸ್ ತನ್ನ ಟೋಕನನ್ನು 'ನಾನ್ಸ್' ಎಂದು ಕರೆಯುತ್ತದೆ. ಒಮ್ಮೆ ಮಾತ್ರ ಬಳಸುವ ಸಂಖ್ಯೆ ಎಂಬುದು ಆ ಪದದ ಅರ್ಥ. ವರ್ಡ್‌ಪ್ರೆಸ್‌ನ ನಾನ್ಸ್ ಬರಿಯ ಸಂಖ್ಯೆಯೂ ಅಲ್ಲ, ಒಮ್ಮೆ ಮಾತ್ರ ಬಳಸುವಂಥದೂ ಅಲ್ಲ. ಬಳಕೆದಾರರು, ಅವರ ಲಾಗಿನ್ ಅವಧಿ, ಮಾಡಬೇಕಾದ ಕೆಲಸ ಮತ್ತು ಕಾಲ ಇವುಗಳಿಂದ ಅದನ್ನು ಲೆಕ್ಕಹಾಕಲಾಗುತ್ತದೆ. ಸಾಮಾನ್ಯವಾಗಿ ಅದು ಗರಿಷ್ಠ 24 ಗಂಟೆ ಊರ್ಜಿತವಾಗಿದ್ದು, ಆ ಅವಧಿಯಲ್ಲಿ ಎಷ್ಟು ಬಾರಿಯಾದರೂ ಬಳಕೆಯಾಗಬಲ್ಲದು.

ಡ್ರುಪಲ್‌ನಲ್ಲಿ 2006ರ 4.7 ಆವೃತ್ತಿಯೊಡನೆ ನಮೂನೆಗಳನ್ನು ರಚಿಸುವ ಒಂದು ಸಾಮಾನ್ಯ ಚೌಕಟ್ಟು ಬಂದಿತು. ಅದರ ಮೂಲಕ ರಚಿಸಿದ ನಮೂನೆಗೆ, ಬಳಕೆದಾರರು ಲಾಗಿನ್ ಆಗಿದ್ದರೆ, ಟೋಕನ್ ತಾನಾಗಿಯೇ ಸೇರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್ ಬರೆಯುವವರು ಟೋಕನನ್ನು ಸೇರಿಸಲೂ ಪರೀಕ್ಷಿಸಲೂ ತಾವೇ ನೆನಪಿಟ್ಟುಕೊಳ್ಳಬೇಕು. ಮರೆತವರನ್ನೂ ಕಾಪಾಡುವ ಮೊದಲನೆಯ ಕ್ರಮವೇ ಹೆಚ್ಚು ಭದ್ರವೆನ್ನಬೇಕು.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯಲ್ಲಿ ಪ್ರತಿ ಸಂಪಾದನೆಯೊಡನೆಯೂ ಟೋಕನ್ ಹೋಗುತ್ತದೆ. ಪುಟವನ್ನು ಬಹಳ ಹೊತ್ತು ತೆರೆದಿಟ್ಟು ಉಳಿಸಲು ಹೋದಾಗ, ಲಾಗಿನ್ ಅವಧಿಯ ಮಾಹಿತಿ ಕಳೆದುಹೋಗಿದೆಯೆಂಬ ಸೂಚನೆ ಬಂದು ಮತ್ತೊಮ್ಮೆ ಉಳಿಸಬೇಕಾದ ಅನುಭವ ಹಲವು ಸಂಪಾದಕರಿಗೆ ಆಗಿರುತ್ತದೆ. ಅದು ಟೋಕನ್ ತಾಳೆಯಾಗದಿರುವುದರ ಫಲ. ಮೀಡಿಯಾವಿಕಿಯ ಟೋಕನ್‌ಗಳು ಒಂದು ಕೂಡುವ ಚಿಹ್ನೆ ಮತ್ತು ಒಂದು ಓರೆಗೆರೆಯಿಂದ ಕೊನೆಗೊಳ್ಳುತ್ತವೆ. ಮಧ್ಯದಲ್ಲಿರುವ ಯಾವುದಾದರೂ ದೋಷಯುಕ್ತ ಪ್ರಾಕ್ಸಿ ಸರ್ವರ್ ಇಂತಹ ಚಿಹ್ನೆಗಳನ್ನು ಕೆಡಿಸುತ್ತಿದ್ದರೆ ಅದು ಗೊತ್ತಾಗಲಿ ಎಂಬುದು ಉದ್ದೇಶ. ಹಾಗೆ ಕೆಡಿಸುವ ಪ್ರಾಕ್ಸಿ ಲೇಖನದ ಪಠ್ಯವನ್ನೂ ಕೆಡಿಸಬಹುದು.

2019ರ ವರ್ಡ್‌ಪ್ರೆಸ್ ದೋಷ

ಟೋಕನ್ ವ್ಯವಸ್ಥೆ ಬಂದು ಹದಿಮೂರು ವರ್ಷಗಳಾಗುತ್ತ ಬಂದಿದ್ದರೂ ವರ್ಡ್‌ಪ್ರೆಸ್‌ನ ಮೂಲ ತಂತ್ರಾಂಶದಲ್ಲಿ ಒಂದು ನಮೂನೆ ರಕ್ಷಣೆಯಿಲ್ಲದೆ ಉಳಿದಿತ್ತು: ಲೇಖನದ ಕೆಳಗೆ ಪ್ರತಿಕ್ರಿಯೆ ಬರೆಯುವ ನಮೂನೆ. ಬೇರೆ ತಾಣಗಳು ತಮ್ಮ ಲೇಖನದಲ್ಲಿ ಕೊಂಡಿ ಕೊಟ್ಟಾಗ ತಿಳಿಸುವ ಟ್ರ್ಯಾಕ್‌ಬ್ಯಾಕ್, ಪಿಂಗ್‌ಬ್ಯಾಕ್ ಎಂಬ ಸೌಲಭ್ಯಗಳು ಅಂತಹ ಪರೀಕ್ಷೆಯಿದ್ದರೆ ಕೆಲಸ ಮಾಡುತ್ತಿರಲಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಒಂದು ಪ್ರತಿಕ್ರಿಯೆ ಪ್ರಕಟವಾದರೆ ಹೆಚ್ಚಿನ ಹಾನಿಯೂ ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ.

ರಿಪ್ಸ್ ಟೆಕ್ನಾಲಜೀಸ್ ಸಂಸ್ಥೆಯ ಸಂಶೋಧಕ ಸೈಮನ್ ಸ್ಕ್ಯಾನೆಲ್ ಅವರು ಅದರಿಂದ ಎಷ್ಟು ದೂರ ಹೋಗಬಹುದೆಂಬುದನ್ನು ತೋರಿಸಿದರು. ಸಾಮಾನ್ಯ ಓದುಗರ ಪ್ರತಿಕ್ರಿಯೆಯಲ್ಲಿರುವ ಎಚ್‌ಟಿಎಂಎಲ್ ಅನ್ನು ವರ್ಡ್‌ಪ್ರೆಸ್ ಕಟ್ಟುನಿಟ್ಟಾಗಿ ಸೋಸುತ್ತದೆ. ನಿರ್ವಾಹಕರಿಗೆ ಸೋಸದ ಎಚ್‌ಟಿಎಂಎಲ್ ಬರೆಯುವ ಅಧಿಕಾರವಿದ್ದು, ಅದಕ್ಕಾಗಿ ಪ್ರತ್ಯೇಕ ನಾನ್ಸ್ ಬೇಕಾಗುತ್ತದೆ. ಕೋರಿಕೆಯು ನಿರ್ವಾಹಕರ ಹೆಸರಿನಲ್ಲಿ ಬಂದು ನಾನ್ಸ್ ಮಾತ್ರ ಇಲ್ಲದಿದ್ದರೆ ಆಗ ಬಳಕೆಯಾಗುತ್ತಿದ್ದುದು ಕಟ್ಟುನಿಟ್ಟಾದ ಜರಡಿಯಲ್ಲ, ಅದಕ್ಕಿಂತ ಸಡಿಲವಾದ ಇನ್ನೊಂದು ಜರಡಿ. ಆ ಜರಡಿಯ ಮೂಲಕ ಕೊಂಡಿಗಳ ಒಂದು ಹೆಚ್ಚುವರಿ ಗುಣವಿಶೇಷ ಹಾದುಹೋಗುತ್ತಿತ್ತು. ಅಂತಹ ಕೊಂಡಿಗಳನ್ನು ಹುಡುಕುಯಂತ್ರಗಳ ಅನುಕೂಲಕ್ಕಾಗಿ ಮರುಜೋಡಿಸುವ ಬೇರೊಂದು ಫಂಕ್ಷನ್, ಒಂಟಿ ಉದ್ಧರಣ ಚಿಹ್ನೆಯೊಳಗಿದ್ದ ಪಠ್ಯವನ್ನು ತೆಗೆದು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡುತ್ತಿತ್ತು. ಪಠ್ಯದಲ್ಲಿಯೇ ಒಂದು ಜೋಡಿ ಚಿಹ್ನೆ ಇದ್ದರೆ ಉದ್ಧರಣವು ಅಲ್ಲಿಗೆ ಮುಗಿದು, ಉಳಿದುದು ಬ್ರೌಸರ್ ನಡೆಸುವ ಜಾವಾಸ್ಕ್ರಿಪ್ಟ್ ಆಗಿಬಿಡುತ್ತಿತ್ತು.

ಹೀಗೆ ಖೋಟಾ ಪ್ರತಿಕ್ರಿಯೆಯಲ್ಲಿ ಸೇರಿಕೊಂಡ ಸ್ಕ್ರಿಪ್ಟು, ಆ ಪುಟವನ್ನು ನಿರ್ವಾಹಕರಿಗೆ ಕಾಣದ ಚೌಕಟ್ಟಿನಲ್ಲಿ ತೆರೆದು ಮೌಸ್ ಅದರ ಮೇಲೆ ಹಾಯುವಂತೆ ಮಾಡಿದೊಡನೆ ಓಡುತ್ತಿತ್ತು. ಈಗ ಅದು ಅನ್ಯತಾಣದ ಪುಟವಲ್ಲ, ಅದೇ ತಾಣದೊಳಗಿನ ಸ್ಕ್ರಿಪ್ಟು. ಆದ್ದರಿಂದ ನಾನ್ಸ್‌ಗಳನ್ನು ಓದಲೂ, ನಿರ್ವಾಹಕರ ಅಧಿಕಾರದಿಂದ ಥೀಮ್ ಅಥವಾ ಪ್ಲಗಿನ್‌ನ ಕಡತಗಳಲ್ಲಿ ಪಿಎಚ್‌ಪಿ ಕೋಡನ್ನು ಸೇರಿಸಲೂ ಅದಕ್ಕೆ ಅಡ್ಡಿಯಿರಲಿಲ್ಲ. ಅಲ್ಲಿಗೆ ಸರ್ವರ್ ದಾಳಿಕೋರನ ಕೈಸೇರಿದಂತೆ. ಪ್ರತಿಕ್ರಿಯೆಗಳಿಗೆ ಅವಕಾಶವಿರುವ ಎಲ್ಲ ತಾಣಗಳೂ ಅಪಾಯಕ್ಕೆ ಒಳಗಾಗಿದ್ದವು. ವರ್ಡ್‌ಪ್ರೆಸ್‌ನಲ್ಲಿ ಆ ಅವಕಾಶ ಮೊದಲಿನಿಂದಲೇ ತೆರೆದಿರುತ್ತದೆ. 2019ರ ಮಾರ್ಚ್‌ನಲ್ಲಿ ಬಂದ 5.1.1 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. ನಾನ್ಸ್ ಇಲ್ಲದಿದ್ದರೆ ನಿರ್ವಾಹಕರ ಪ್ರತಿಕ್ರಿಯೆಗೂ ಕಟ್ಟುನಿಟ್ಟಾದ ಜರಡಿಯೇ ಅನ್ವಯಿಸುವಂತಾಯಿತು. ಕೊಂಡಿಗಳನ್ನು ಮರುಜೋಡಿಸುವ ಫಂಕ್ಷನ್ನನ್ನೂ ತಿದ್ದಲಾಯಿತು.

ಈ ಕೊಂಡಿಗಳ ಸರಪಳಿಯಲ್ಲಿ ಯಾವ ಒಂದು ಲೋಪವೂ ಬಿಡಿಯಾಗಿ ದೊಡ್ಡದಲ್ಲ. ಪ್ರತಿಯೊಂದನ್ನೂ ಬರೆದವರಿಗೆ ತಮ್ಮದೇ ಆದ ಕಾರಣವಿತ್ತು.

ಪ್ಲಗಿನ್‌ಗಳಲ್ಲಿನ ದೋಷಗಳು

ಇಂದು ವರದಿಯಾಗುವ ಸಿಎಸ್‌ಆರ್‌ಎಫ್ ದೋಷಗಳು ಹೆಚ್ಚಾಗಿ ಇರುವುದು ಪ್ಲಗಿನ್‌ಗಳಲ್ಲಿ. 2020ರ ಜನವರಿಯಲ್ಲಿ ವರ್ಡ್‌ಫೆನ್ಸ್ ಸಂಸ್ಥೆಯು ಬಹಿರಂಗಪಡಿಸಿದ 'ಕೋಡ್ ಸ್ನಿಪೆಟ್ಸ್' ಪ್ಲಗಿನ್‌ನ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. 2 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಈ ಪ್ಲಗಿನ್, ನಿರ್ವಾಹಕರು ಸಣ್ಣ ಪಿಎಚ್‌ಪಿ ತುಣುಕುಗಳನ್ನು ತಾಣಕ್ಕೆ ಸೇರಿಸಲು ನೆರವಾಗುತ್ತದೆ. ಅದರ ಬಹುತೇಕ ಎಲ್ಲ ಕ್ರಿಯೆಗಳಿಗೂ ನಾನ್ಸ್ ರಕ್ಷಣೆ ಇತ್ತು, ತುಣುಕುಗಳನ್ನು ಕಡತದಿಂದ ಆಮದು ಮಾಡಿಕೊಳ್ಳುವ ಕ್ರಿಯೆಯೊಂದಕ್ಕೆ ಇರಲಿಲ್ಲ. ಆಮದಾದ ತುಣುಕು ಮೊದಲಿಗೆ ನಿಷ್ಕ್ರಿಯವಾಗಿರಬೇಕೆಂಬ ನಿಯಮವಿದ್ದರೂ, ಕಡತದಲ್ಲಿಯೇ 'ಸಕ್ರಿಯ' ಎಂದು ಬರೆದಿದ್ದರೆ ಅದು ಕೂಡಲೇ ಓಡುತ್ತಿತ್ತು. 2.14.0 ಆವೃತ್ತಿಯಲ್ಲಿ ಈ ಬಾಗಿಲನ್ನು ಮುಚ್ಚಲಾಯಿತು.

ಪ್ಲಗಿನ್ ಬರೆಯುವವರು ಮಾಡುವ ಇನ್ನೆರಡು ತಪ್ಪುಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ. 'ಟೋಕನ್ ಬಂದಿದ್ದು ಅದು ತಪ್ಪಾಗಿದ್ದರೆ ನಿರಾಕರಿಸು' ಎಂದು ಬರೆಯುವುದು ಒಂದು. ಟೋಕನ್ನನ್ನು ಕಳುಹಿಸದೆಯೇ ಇದ್ದರೆ ಈ ನಿಯಮ ಅನ್ವಯಿಸುವುದೇ ಇಲ್ಲ. ನಾನ್ಸ್ ಸರಿಯಿದ್ದ ಮಾತ್ರಕ್ಕೆ ಅಧಿಕಾರವೂ ಇದೆಯೆಂದು ಭಾವಿಸುವುದು ಇನ್ನೊಂದು. ಕೋರಿಕೆಯು ಬಳಕೆದಾರರು ಉದ್ದೇಶಪೂರ್ವಕವಾಗಿ ಮಾಡಿದ್ದೆಂದು ನಾನ್ಸ್ ಹೇಳುತ್ತದೆಯೇ ವಿನಾ ಆ ಕೆಲಸವನ್ನು ಮಾಡುವ ಹಕ್ಕು ಅವರಿಗಿದೆಯೆಂದು ಹೇಳುವುದಿಲ್ಲ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕೆಂದು ವರ್ಡ್‌ಪ್ರೆಸ್‌ನ ಕೈಪಿಡಿಯೂ ತಿಳಿಸುತ್ತದೆ.

ತಾಣದೊಳಗೇ ಸ್ಕ್ರಿಪ್ಟ್ ಸೇರಿಕೊಂಡರೆ ಟೋಕನ್ ಕಾಪಾಡದೆಂಬುದು 2005ರಲ್ಲಿಯೇ ತಿಳಿದಿದ್ದ ಸಂಗತಿ. ಆ ವರ್ಷದ ಅಕ್ಟೋಬರಿನಲ್ಲಿ ಮೈಸ್ಪೇಸ್ ತಾಣದಲ್ಲಿ ಹರಡಿದ 'ಸ್ಯಾಮಿ' ಹುಳುವು ಮೊದಲು ನಮೂನೆಯ ಪುಟವನ್ನು ತೆರೆದು, ಅದರೊಳಗಿನ ಗುಟ್ಟಿನ ಸಾಲನ್ನು ಓದಿಕೊಂಡು, ಬಳಿಕ ಕೋರಿಕೆಯನ್ನು ಕಳುಹಿಸುತ್ತಿತ್ತು. ಒಂದು ದಿನ ಕಳೆಯುವುದರೊಳಗೆ ಅದು 10 ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಹಬ್ಬಿತು.

ಬ್ರೌಸರುಗಳ ರಕ್ಷಣೆ

ದೋಷದ ಬೇರಾದ ಕುಕಿಯ ವರ್ತನೆಯನ್ನೇ ತಿದ್ದುವ ಪ್ರಯತ್ನ 'ಸೇಮ್‌ಸೈಟ್' ಎಂಬ ಗುಣವಿಶೇಷದಿಂದ ಆರಂಭವಾಯಿತು. ಕ್ರೋಮ್ ಬ್ರೌಸರಿಗೆ ಇದು 2016ರಲ್ಲಿ ಬಂದಿತು. ಅನ್ಯತಾಣದಿಂದ ಹುಟ್ಟಿದ ಕೋರಿಕೆಗೆ ತನ್ನ ಕುಕಿಯನ್ನು ಲಗತ್ತಿಸಬಾರದೆಂದು ತಾಣವು ಇದರ ಮೂಲಕ ಸೂಚಿಸಬಹುದು. 2020ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 80ರಿಂದ, ತಾಣವು ಏನನ್ನೂ ಸೂಚಿಸದಿದ್ದರೆ 'ಲ್ಯಾಕ್ಸ್' ಎಂಬ ಮಧ್ಯಮ ಕ್ರಮವನ್ನು ತಾನಾಗಿ ಅನುಸರಿಸಲು ಗೂಗಲ್ ಮುಂದಾಯಿತು. ಕೋವಿಡ್ ಕಾಲದಲ್ಲಿ ಅಗತ್ಯ ಸೇವೆಗಳ ತಾಣಗಳಿಗೆ ಅಡಚಣೆಯಾಗಬಾರದೆಂದು ಏಪ್ರಿಲ್‌ನಲ್ಲಿ ಇದನ್ನು ತಡೆಹಿಡಿದು ಜುಲೈನಲ್ಲಿ ಮುಂದುವರಿಸಲಾಯಿತು.

ಲ್ಯಾಕ್ಸ್ ಕ್ರಮದಲ್ಲಿ ಅನ್ಯತಾಣದ ಪೋಸ್ಟ್ ಕೋರಿಕೆಗೂ ಚಿತ್ರಗಳಿಗೂ ಕುಕಿ ಹೋಗುವುದಿಲ್ಲ. ಕೊಂಡಿಯನ್ನು ಒತ್ತಿ ಪುಟಕ್ಕೆ ಹೋದಾಗ ಹೋಗುತ್ತದೆ. ಆದ್ದರಿಂದ ಗೆಟ್ ಕೋರಿಕೆಯಿಂದ ಅಳಿಸುವ ತಾಣಗಳಿಗೆ ಇದು ರಕ್ಷಣೆಯಾಗದು. ಒಂದೇ ಡೊಮೈನ್‌ನ ಉಪವಿಭಾಗಗಳನ್ನು ಸಾಮಾನ್ಯವಾಗಿ ಒಂದೇ 'ಸೈಟ್' ಎಂದು ಎಣಿಸುವುದರಿಂದ, ವಿಶ್ವವಿದ್ಯಾಲಯವೊಂದರ ಹತ್ತಾರು ವಿಭಾಗಗಳು ಅದರ ಹೆಸರಿನಡಿಯಲ್ಲಿ ಪ್ರತ್ಯೇಕ ತಾಣಗಳನ್ನು ನಡೆಸುತ್ತಿದ್ದರೆ, ಒಂದರ ಪುಟದಿಂದ ಇನ್ನೊಂದಕ್ಕೆ ಬರುವ ಖೋಟಾ ಕೋರಿಕೆಯನ್ನು ಇದು ತಡೆಯುವುದಿಲ್ಲ. ಎಲ್ಲ ಬ್ರೌಸರುಗಳೂ ಇದನ್ನು ಒಂದೇ ರೀತಿಯಲ್ಲಿ ಪಾಲಿಸುತ್ತಿಲ್ಲ. ಹೀಗಾಗಿ ಸೇಮ್‌ಸೈಟ್ ಅನ್ನು ಟೋಕನ್ನಿಗೆ ಪರ್ಯಾಯವಾಗಿ ಅಲ್ಲ, ಅದರ ಜೊತೆಗೆ ಬಳಸಲಾಗುತ್ತದೆ.

ತಾಣದ ನಿರ್ವಾಹಕರ ಪಾತ್ರ

ಕೋಡಿನಲ್ಲಿರುವ ದೋಷವನ್ನು ತಾಣದ ನಿರ್ವಾಹಕರು ಸರಿಪಡಿಸಲಾರರು. ಆದರೆ ದಾಳಿಗೆ ಬೇಕಾದ ಸಂದರ್ಭವನ್ನು ಕಡಿಮೆ ಮಾಡಬಲ್ಲರು. ನಿರ್ವಹಣೆಯ ಕೆಲಸಕ್ಕೆ ಪ್ರತ್ಯೇಕ ಬ್ರೌಸರನ್ನೋ ಪ್ರತ್ಯೇಕ ಪ್ರೊಫೈಲನ್ನೋ ಬಳಸಿದರೆ, ಇನ್ನೊಂದರಲ್ಲಿ ತೆರೆದ ಪುಟಕ್ಕೆ ನಿರ್ವಾಹಕರ ಕುಕಿ ಸಿಗುವುದಿಲ್ಲ. ಕೆಲಸ ಮುಗಿದ ಕೂಡಲೇ ಲಾಗ್‌ಔಟ್ ಆಗುವುದರಿಂದಲೂ ಇದೇ ಫಲ ದೊರೆಯುತ್ತದೆ. ಲೇಖನಗಳನ್ನು ಬರೆಯಲು ನಿರ್ವಾಹಕರ ಖಾತೆಯ ಬದಲು ಸಂಪಾದಕರ ಖಾತೆಯನ್ನು ಬಳಸಿದರೆ ಖೋಟಾ ಕೋರಿಕೆಯ ಕೈಗೆ ಅಷ್ಟು ಕಡಿಮೆ ಅಧಿಕಾರ ಹೋಗುತ್ತದೆ. ಬಳಸದ ಪ್ಲಗಿನ್‌ಗಳನ್ನು ನಿಷ್ಕ್ರಿಯಗೊಳಿಸಿ ಬಿಡದೆ ಅಳಿಸಿಹಾಕುವುದು, ಉಳಿದವನ್ನು ಕಾಲಕಾಲಕ್ಕೆ ನವೀಕರಿಸುವುದು ಅಗತ್ಯ. ವರ್ಡ್‌ಪ್ರೆಸ್‌ನಲ್ಲಿ ಥೀಮ್ ಮತ್ತು ಪ್ಲಗಿನ್‌ಗಳ ಕಡತಗಳನ್ನು ಬ್ರೌಸರಿನಿಂದಲೇ ತಿದ್ದುವ ಸೌಲಭ್ಯವನ್ನು ತಾಣದ ಸಂರಚನಾ ಕಡತದಲ್ಲಿ 'ಡಿಸ್‌ಅಲೋ ಫೈಲ್ ಎಡಿಟ್' ಎಂಬ ಒಂದೇ ಸಾಲಿನ ಸೂಚನೆಯಿಂದ ನಿಲ್ಲಿಸಬಹುದು; 2019ರ ದಾಳಿಯಲ್ಲಿ ಸರ್ವರಿಗೆ ಕೋಡ್ ಸೇರಿಸಲು ಬಳಸಬಹುದಾಗಿದ್ದ ದಾರಿ ಇದೇ ಸೌಲಭ್ಯ.